ಹದಿನೇಳನೆಯ ಕೊಲೆ

ಪುಸ್ತಕದ ಹತ್ತೊಂಬತ್ತನೆಯ ಪುಟದ ಅಂಕಿಯ ಕೆಳಗೆ ಪೆನ್ಸಿಲಿನ ಗೀಟುಗಳಿದ್ದವು. ಐದು.

"ಅದು ನಂದೇ," ಅಂದಳು ಪಕ್ಕದಲ್ಲಿದ್ದ ಮಿಸೆಸ್ ಕ್ಲೆಗ್. ಎಂಬತ್ತರ ಮುದುಕಿ, ಬುಟ್ಟಿಯಲ್ಲಿ ಹೂಕೋಸು. "ಓದಿದ್ದಕ್ಕೆ ಗುರುತು. ಇಲ್ಲದಿದ್ರೆ ಅದನ್ನೇ ಮತ್ತೆ ತಗೊಂಡು ಹೋಗ್ಬಿಡ್ತೀನಿ."

"ಐದು ಸಲ ತಗೊಂಡು ಹೋಗಿದ್ದೀರಿ," ಅಂದ ಪುಸ್ತಕ ಹಿಡಿದಿದ್ದ ಲೆನರ್ಡ್ ಥ್ರೆಲ್‌ಫಾಲ್.

"ಹೌದಾ? ಗುರುತು ನೋಡೋದೂ ಮರ್ತುಹೋಗುತ್ತೆ ಕಣಪ್ಪ."

ಮೋರ್‌ಕ್ಯಾಂಬ್ ಗ್ರಂಥಾಲಯದ ಪತ್ತೇದಾರಿ ಕಪಾಟಿನಲ್ಲಿ ಕೆಳಗಿನ ಎರಡು ಸಾಲು ಅವನು ಬರೆದವೇ. ಮೂವತ್ತೆಂಟು ಕಾದಂಬರಿ, ಹೆಣಗಳು ಅದಕ್ಕಿಂತ ಹೆಚ್ಚು. ಕೈಯಲ್ಲಿದ್ದದ್ದು ಹದಿನೇಳನೆಯದು. ಮೂವತ್ತೊಂಬತ್ತನೆಯದು ಬೇಕೆಂದು ಪ್ರಕಾಶಕರು ಪತ್ರ ಬರೆದಿದ್ದರು. ತನ್ನದೊಂದಾದರೂ ಯಾರದಾದರೂ ತಲೆಯಲ್ಲಿ ನಿಂತಿದೆಯೇ ಎಂದು ತಿಳಿಯದೆ ಉತ್ತರ ಬರೆಯುವುದಿಲ್ಲವೆಂದು ಬೆಳಿಗ್ಗೆಯೇ ನಿರ್ಧರಿಸಿದ್ದ.

"ಇದ್ರಲ್ಲಿ ಕೊಂದೋರು ಯಾರು, ನೆನಪಿದೆಯಾ?"

"ಟೀ ಬಸಿಯೋ ಹೊತ್ತಿಗೆ ಮರ್ತಿರ್ತೀನಿ. ಬರೆದೋನು ನೀನಲ್ವಾ, ನೀನೇ ಹೇಳ್ಬಿಡು. ಪುಸ್ತಕ ಹೊರೋದಾದ್ರೂ ತಪ್ಪುತ್ತೆ."

ಥ್ರೆಲ್‌ಫಾಲ್ ಬಾಯಿ ತೆರೆದ. ದೊಡ್ಡ ಮನೆ, ರತ್ನಗಂಬಳಿಯ ಮೇಲೆ ಬಿದ್ದ ನ್ಯಾಯಾಧೀಶ, ಎಲ್ಲ ನೆನಪಿತ್ತು. ಕೊಂದವರು ಯಾರೆಂದು ಹೊಳೆಯಲಿಲ್ಲ.

"ಹೇಳಿದ್ರೆ ಮಜಾ ಏನು?" ಅಂದ.

"ಅಬ್ಬಾ, ಭಾರಿ ಗುಟ್ಟಿನ ಮನುಷ್ಯ!" ಮುದುಕಿ ನಕ್ಕು ಬೇರೆ ಯಾರದೋ ಪುಸ್ತಕವನ್ನು ಹೂಕೋಸಿನ ಪಕ್ಕ ತುರುಕಿಕೊಂಡಳು.

ಹೆತ್ತವರಿಗೆ ಹೆಗ್ಗಣ ಮುದ್ದಂತೆ. ಇವನಿಗೆ ಹೆತ್ತದ್ದರ ಮುಖವೇ ಮರೆತಿತ್ತು. ನಾಚಿಕೆಯಾಯಿತು, ಅದರ ಬೆನ್ನಿಗೇ ಹಟ ಬಂತು.

"ನಿಮ್ಮದನ್ನೇ ಒಯ್ತಿದ್ದೀರಾ ಸರ್?" ಮುದ್ರೆ ಒತ್ತುತ್ತ ಗ್ರಂಥಪಾಲಕಿ ಕೇಳಿದಳು.

"ಸ್ನೇಹಿತರೊಬ್ಬರಿಗೆ."

ಮನೆಗೆ ಬಂದವನೇ ಕೊನೆಯ ಅಧ್ಯಾಯಕ್ಕೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿದ. ಅದನ್ನು ಮುಟ್ಟಕೂಡದು. ಕೊಂದವರನ್ನು ಸ್ವಂತ ಬುದ್ಧಿಯಿಂದ ಕಂಡುಹಿಡಿದರೆ ಈ ಪುಸ್ತಕ ಬರೆದವನು ತಾನೇ. ಇಲ್ಲದಿದ್ದರೆ ಮೂವತ್ತು ವರ್ಷ ಈ ಮೇಜಿನ ಮುಂದೆ ಕೂತಿದ್ದವನು ಯಾರು? ಅವನಿಗೆ ಭಯವಾಯಿತು.

ಬ್ರೆಡ್ಡಿನ ಮೇಲೆ ಸಾರ್ಡೀನ್ ಮೀನು ಹರಡಿಕೊಂಡು ತಿನ್ನುತ್ತಲೇ ಓದಿದ. ಅನುಮಾನ ಬಂದವರ ಏಳು ಹೆಸರು ಬರೆದುಕೊಂಡ. ಸೋದರಳಿಯ ಕೊಲೆಯ ಹೊತ್ತಿಗೆ ರೈಲಿನಲ್ಲಿದ್ದ, ಅವನ ಹೆಸರಿಗೆ ಗೀಟು ಹೊಡೆದ. ವಿಧವೆಯ ಕೈಗೆ ಅಷ್ಟು ಬಲವಿಲ್ಲ. ವೈದ್ಯ, ಪಾದ್ರಿ, ಅಡುಗೆಯವಳು, ಉಳಿದಿಬ್ಬರು, ಎಲ್ಲರೂ ಬೇರೆಡೆ ಇದ್ದದ್ದಕ್ಕೆ ಸಾಕ್ಷಿಯಿತ್ತು. ಬರೆದ ಹಾಳಾದವನು ಕಥೆಯನ್ನು ಎಷ್ಟು ಭದ್ರವಾಗಿ ಕಟ್ಟಿದ್ದಾನೆ!

ನಾಲ್ಕು ಗಂಟೆಗೆ ಏಳು ಹೆಸರೂ ಹೊಡೆದುಹೋಗಿದ್ದವು. ಕ್ಲಿಪ್ಪಿನತ್ತ ಹೋದ ಕೈಯನ್ನು ಹಿಂದಕ್ಕೆಳೆದುಕೊಂಡ. ಪೆನ್ಸಿಲು ಹೆರೆದು ಮೊದಲ ಪುಟಕ್ಕೆ ಮರಳಿದ.

ಮತ್ತೆ ಎಲ್ಲರೂ ನಿರಪರಾಧಿಗಳೇ. ಒಬ್ಬೊಬ್ಬರಾಗಿ ಕೋಟು ತೊಟ್ಟು ಕಥೆಯ ಆ ದೊಡ್ಡ ಮನೆಯಿಂದ ಹೊರಟುಹೋದರು. ರತ್ನಗಂಬಳಿಯ ಮೇಲೆ ಸತ್ತವನು, ಎದುರಿಗೆ ಪೆನ್ಸಿಲು ಹಿಡಿದ ಥ್ರೆಲ್‌ಫಾಲ್, ಇಬ್ಬರೇ ಉಳಿದರು. ಅವರ ಹಿಂದೆ ಬಾಗಿಲಿಗೆ ಒಳಗಿನಿಂದ ಚಿಲಕ ಬಿತ್ತು.