ಡೈರಿಯ ಗಲಾಟೆ

ಬಸ್ ಡಿಪೋದಲ್ಲಿ ಟೈಮ್‌ಕೀಪರ್ ಆದವನಿಗೆ ವಾಕ್ಯ ಬರೆಯುವ ಅಭ್ಯಾಸವೇ ತಪ್ಪಿಹೋಗುತ್ತದೆ. ಬಸ್ಸು ಯಾಕೆ ತಡ ಎಂಬ ಕಾಲಮ್ಮು ಎರಡು ಬೆರಳು ಅಗಲ. ಅದರಲ್ಲಿ 'ಪಂಕ್ಚರ್', 'ಟ್ರಾಫಿಕ್', 'ಜಗಳ' ಎಂದು ಒಂದು ಪದ ಹಿಡಿಸಿದರೆ ಪುಣ್ಯ. ಇಪ್ಪತ್ತೆರಡು ವರ್ಷ ಹೀಗೆ ಬರೆದ ನಮ್ಮ ಟೈಮ್‌ಕೀಪರಿಗೆ, ತಾನು ಬರೆದದ್ದನ್ನು ಯಾರೂ ಎರಡನೇ ಸಲ ಕೇಳುವುದಿಲ್ಲ ಎಂಬ ಜಂಬವೂ ಇತ್ತು.

ಅವನ ಹದಿನಾರರ ಮಗಳಿಗೆ ಮೂಗಿನ ತುದಿಯಲ್ಲೇ ಕೋಪ. ಬಾಯಿ ತೆರೆದರೆ ಮುಚ್ಚುತ್ತಿರಲಿಲ್ಲವಾದ್ದರಿಂದ ಬೀದಿಯವರು ರೇಡಿಯೋ ಎಂದು ಹೆಸರಿಟ್ಟಿದ್ದರು. ಆದರೆ ಹೋದ ವರ್ಷ ಕೋಪ ಬಾಯಿಂದ ಕೈಗೆ ಇಳಿಯಿತು. ಬಾಗಿಲು ಒದ್ದಳು, ಕನ್ನಡಿ ಒಡೆದಳು, ಒಂದು ದಿನ ಇಸ್ತ್ರಿಪೆಟ್ಟಿಗೆ ಎಸೆದು ಅಮ್ಮನ ಬೆರಳು ಮುರಿದಳು. ನಾಲ್ಕು ತಿಂಗಳ ಆಪ್ತಸಮಾಲೋಚನೆಗೂ ಜಗ್ಗದಿದ್ದಾಗ ಡಾಕ್ಟರಮ್ಮ ಮಾತ್ರೆ ಶುರುಮಾಡಿದರು.

"ಇದು ನಿದ್ದೆ ಮಾತ್ರೆ ಅಲ್ಲ. ದೊಡ್ಡ ಮಾನಸಿಕ ಕಾಯಿಲೆಗಳಿಗೆ ಕೊಡೋ ಔಷಧಿ. ಕಮ್ಮಿ ಡೋಸಲ್ಲಿ ಇಂಥ ಸಿಟ್ಟಿಗೂ ಕೊಡ್ತೀವಿ. ದಿನಾ ಹೇಗಿದ್ಲು ಅಂತ ಬರೆದಿಡಿ, ಅದನ್ನ ನೋಡ್ಕೊಂಡು ಹೆಚ್ಚು ಕಮ್ಮಿ ಮಾಡೋಣ," ಎಂದರು.

ಬರೆಯುವ ಕೆಲಸ ಯಾರ ಪಾಲಿಗೆ ಬಂತೆಂದು ಹೇಳಬೇಕಿಲ್ಲ.

ಮೊದಲ ತಿಂಗಳಲ್ಲೇ ಹೊಡೆಯುವುದು, ಎಸೆಯುವುದು ನಿಂತಿತು. ಅಷ್ಟು ಡೋಸೇ ಸಾಕಾಗಿತ್ತು. ಆದರೆ ಅವನು ಬರೆಯುತ್ತಿದ್ದ ಡೈರಿಯಲ್ಲಿ 'ಗಲಾಟೆ' ಎಂಬ ಒಂದು ಪದ ನಿಲ್ಲಲಿಲ್ಲ, ವಾರಕ್ಕೆ ನಾಲ್ಕು ಸಲ, ಐದು ಸಲ. ಡಾಕ್ಟರಮ್ಮ ಡೋಸ್ ಏರಿಸಿದರು. ಎರಡು ತಿಂಗಳು ಬಿಟ್ಟು ಮತ್ತೆ ಏರಿಸಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಹೊರಗೆ ನಲವತ್ತು ಜನ ಕಾಯುತ್ತಿರುವಾಗ ಓದಿದವರೂ ಹಾಗೇ ಕಟ್ಟಿಬಿಡುತ್ತಾರೆ.

ಆರನೇ ತಿಂಗಳ ತಪಾಸಣೆಗೆ ಬಂದಾಗ ಮಗಳ ತೂಕ ಹನ್ನೊಂದು ಕಿಲೋ ಏರಿತ್ತು. ಕೂರಿಸಿದ ಕುರ್ಚಿಯಲ್ಲಿ ಕೂರಿಸಿದ ಹಾಗೇ ಇದ್ದಳು. ಡಾಕ್ಟರಮ್ಮ ಅವಳ ಮೊಣಕೈ ಮಡಚಿ ಬಿಡಿಸಿ ನೋಡಿದರು. ತೋಳು ಬಿಗಿದುಕೊಂಡಿತ್ತು, ಮಾತ್ರೆ ಹೆಚ್ಚಾದ ಲಕ್ಷಣ. ಹುಬ್ಬು ಗಂಟಿಕ್ಕಿ ಡೈರಿ ತೆರೆದರು.

"ಹೋದ ಭಾನುವಾರ 'ಗಲಾಟೆ' ಅಂತಿದೆ. ಇವಳಾ? ಏನು ಮಾಡಿದ್ಲು?"

"ಟೀವಿ ಸೌಂಡು ಜಾಸ್ತಿ ಇಟ್ಟಿದ್ಲು ಮೇಡಂ."

ಡಾಕ್ಟರಮ್ಮ ಹಾಳೆಗಳನ್ನು ಹಿಂದಕ್ಕೆ ತಿರುವಿದರು. "ಈ ಗುರುವಾರ? ಎರಡನೇ ಸಲ ಡೋಸ್ ಏರಿಸೋ ಮುಂಚೆ?"

"ಜಡೆ ಹಾಕೋ ವಿಷಯಕ್ಕೆ ಅವರಮ್ಮನ ಜೊತೆ ವಾದ."

"ಮಾರನೇ ದಿನ?"

"ಗೆಳತಿ ಬಂದಿದ್ಲು. ಇಬ್ರೂ ಬಿದ್ದೂ ಬಿದ್ದೂ ನಗ್ತಿದ್ರು. ನಾನು ಡ್ಯೂಟಿ ಮುಗಿಸಿ ಮಲಗಿದ್ದೆ..."

"ನಗೋದೂ ಗಲಾಟೆನಾ?"

"ಮನೇಲಿ ಹಾಗೇ ಅಂತೀವಲ್ಲ ಮೇಡಂ, ಮಕ್ಕಳ ಗಲಾಟೆ ಅಂತ..."

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಾನಿದನ್ನ ಮೊದಲನೇ ಸಲನೇ ಕೇಳಬೇಕಿತ್ತು. ತಪ್ಪು ನಂದೂ ಇದೆ. ಡೋಸ್ ಇಳಿಸೋಣ. ಒಂದೇ ಸಲಕ್ಕೆ ನಿಲ್ಲಿಸಬಾರದು, ಸ್ವಲ್ಪ ಸ್ವಲ್ಪವೇ. ಸಿಟ್ಟು ತಿರುಗಿ ಬರಬಹುದು. ಬಂದ್ರೆ ಏನು ನಡೀತು ಅಂತ ಪೂರ್ತಿ ಬರೀರಿ."

ಆಸ್ಪತ್ರೆಯ ಎದುರಿನ ಬಸ್ ಸ್ಟಾಪಿನಲ್ಲಿ ಅಪ್ಪ ಮಗಳು ಕೂತರು. ತನ್ನ ಒಂದು ಪದದ ಜಿಪುಣತನಕ್ಕೆ ಮಗಳ ಆರು ತಿಂಗಳು ಹೋಗಿತ್ತು. ಅದಕ್ಕಿಂತ ನಾಚಿಕೆಯ ಮಾತೆಂದರೆ, ಮನೆ ತಣ್ಣಗಾದಾಗ ಅವನಿಗೆ ಹಾಯೆನಿಸಿತ್ತು. ಮಾತ್ರೆ ಕೆಲಸ ಮಾಡ್ತಿದೆ ಎಂದು ಡಿಪೋದಲ್ಲಿ ಹೇಳಿಕೊಂಡೂ ತಿರುಗಿದ್ದ.

"ನಂದೇ ತಪ್ಪು ಪುಟ್ಟಾ," ಎಂದ. "ನೀನು ನಕ್ಕಿದ್ದನ್ನೂ ಕಾಯಿಲೆ ಅಂತ ಬರೆದುಬಿಟ್ಟೆ. ಬೈಯಿ ನನ್ನ. ಬಾಯಿಗೆ ಬಂದ ಹಾಗೆ ಬೈಯಿ. ಇಲ್ಲೇ ಬೈಯಿ, ಜನ ನೋಡಿದ್ರೆ ನೋಡ್ಲಿ."

ಅವಳು ನಿಧಾನಕ್ಕೆ ಅವನ ಕಡೆ ತಿರುಗಿದಳು. ಅಪ್ಪನ ಮುಖವನ್ನು ಬಹಳ ಹೊತ್ತು ನೋಡಿದಳು. ಅವನು ಹೇಳಿದ್ದನ್ನು ಮಾಡಲು ಅವಳು ನಿಜವಾಗಿ ಪ್ರಯತ್ನಪಡುತ್ತಿರುವುದು ಅವನಿಗೆ ಕಾಣುತ್ತಿತ್ತು.

"ಬೈಬೇಕು ಅಂತ ಗೊತ್ತಾಗ್ತಿದೆ ಅಪ್ಪಾ," ಎಂದಳು. "ಸಿಟ್ಟೇ ಬರ್ತಿಲ್ಲ."