ಗ್ರಹಣದ ಮೇಲೆ ಹೊರಿಸಿದ್ದು

೧೯೯೯ರ ಆಗಸ್ಟ್‌ನಲ್ಲಿ ಸೂರ್ಯಗ್ರಹಣ ಹಿಡಿದಾಗ ಸಿಂಧೂರ ಆರು ತಿಂಗಳ ಬಸುರಿ. ಪರದೇಶದ ಐಂಡ್‌ಹೋವನ್ ಊರಿನ ಸಂತೆಯಿಂದ ತರಕಾರಿ ಹೇರಿಕೊಂಡು ಸೈಕಲ್ಲಿನಲ್ಲಿ ಬರುತ್ತಿದ್ದಳು. ಬೀದಿ ತುಂಬ ಜನ ರಟ್ಟಿನ ಕನ್ನಡಕ ಹಾಕಿಕೊಂಡು ನಿಂತಿದ್ದರು. ಮುದುಕಿಯೊಬ್ಬಳು ತನ್ನ ಕನ್ನಡಕ ಕೊಟ್ಟಳು. ಇವಳೂ ಒಂದು ನಿಮಿಷ ನೋಡಿದಳು. ಆ ಭಾನುವಾರ ಮೈಸೂರಿನಿಂದ ಅತ್ತೆ ಇಂದಿರಮ್ಮ ಫೋನ್ ಮಾಡಿದಾಗ ನಗುತ್ತ ಅದನ್ನು ಹೇಳಿಯೂಬಿಟ್ಟಳು. “ಬಸುರಿ ಹೆಂಗ್ಸು ಗ್ರಹಣ ನೋಡ್ತಾಳೇನೇ?” ಎಂದು ಅವರು ಗದರಿದರು.

ಸಿಂಧೂರಳಿಗೆ ತಾಯಿ ಇರಲಿಲ್ಲ. ಬಾಣಂತನಕ್ಕೆ ಅತ್ತೆಯೇ ಬಂದರು. ನವೆಂಬರ್‌ನಲ್ಲಿ ಹೆಣ್ಣುಮಗು ಹುಟ್ಟಿತು, ಅನನ್ಯಾ. ಮೂರನೆಯ ದಿನ ಮನೆಗೆ ಬಂದ ಸೂಲಗಿತ್ತಿ ಮಗುವಿನ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಆಲಿಸಿದಳು. ವಾರದೊಳಗೆ ಅವರು ನೈಮೆಗನ್‌ನ ದೊಡ್ಡ ಆಸ್ಪತ್ರೆಯಲ್ಲಿದ್ದರು.

ಡಾಕ್ಟರು ಕಾಗದದ ಮೇಲೆ ಹೃದಯದ ಚಿತ್ರ ಬರೆದು ತೋರಿಸಿದರು. ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ತೂತು. ಶ್ವಾಸಕೋಶಕ್ಕೆ ಹೋಗುವ ರಕ್ತನಾಳ ಇಕ್ಕಟ್ಟು. ಅದಕ್ಕೇ ಅತ್ತಾಗ ತುಟಿ ನೀಲಿಯಾಗುತ್ತದೆ ಎಂದರು.

“ನಿಮ್ಮಿಬ್ಬರ ಕುಟುಂಬದಲ್ಲಿ ಯಾರಿಗಾದರೂ ಹುಟ್ಟಿನಿಂದ ಹೃದಯದ ತೊಂದರೆ ಇತ್ತೇ?”

“ನನಗೆ ತಿಳಿದಂತೆ ಇಲ್ಲ,” ಎಂದಳು ಸಿಂಧೂರ.

ಗಂಡ ನರಹರಿ ಚಿತ್ರದಿಂದ ಕಣ್ಣೆತ್ತದೆ, “ಇಲ್ಲ,” ಎಂದ.

ನಾಚಿಕೆ ಬಿಟ್ಟು ಅವಳು ಗ್ರಹಣದ ವಿಷಯ ಕೇಳಿದಳು. ಡಾಕ್ಟರು ನಗಲಿಲ್ಲ. ಹೃದಯ ರೂಪುಗೊಳ್ಳುವುದು ಮೊದಲ ಎರಡು ತಿಂಗಳಲ್ಲೇ, ಆರನೆಯ ತಿಂಗಳಲ್ಲಿ ನೀವು ಏನು ನೋಡಿದ್ದರೂ ಅದರಿಂದ ಹೀಗಾಗುತ್ತಿರಲಿಲ್ಲ ಎಂದರು.

ಮನೆಗೆ ಬಂದು ಅದನ್ನೇ ಹೇಳಿದಾಗ ಇಂದಿರಮ್ಮ ಸಾರಿಗೆ ಒಗ್ಗರಣೆ ಹಾಕುತ್ತಿದ್ದರು.

“ಡಾಕ್ಟ್ರಿಗೇನಮ್ಮ ಗೊತ್ತು ಗ್ರಹಣದ ವಿಷ್ಯ? ನೋಡಿದೋಳು ನೀನು, ಅನುಭವಿಸ್ತಿರೋದು ಆ ಕೂಸು.”

ನರಹರಿ ತಲೆ ತಗ್ಗಿಸಿ ಉಣ್ಣುತ್ತಿದ್ದ. ಆ ಮಾತು ಒಂದು ತಿಂಗಳಲ್ಲಿ ಮೈಸೂರಿನ ನೆಂಟರಿಗೆಲ್ಲ ತಲುಪಿತು. ಕೇಳಿ ಕೇಳಿ ಸಿಂಧೂರಳಿಗೇ ಡಾಕ್ಟರ ಮಾತಿಗಿಂತ ಅತ್ತೆಯ ಮಾತು ನಿಜವೆನ್ನಿಸತೊಡಗಿತು. ಎದೆಹಾಲು ಕೊಡುವಾಗಲೂ ಮಗುವಿನ ಮುಖ ನೋಡಲು ಹೆದರುತ್ತಿದ್ದಳು.

ಡಿಸೆಂಬರ್ ಕೊನೆಯ ವಾರ, ಒಂದು ಬೆಳಿಗ್ಗೆ, ಬಟ್ಟೆ ಬದಲಿಸುವಾಗ ಅನನ್ಯಾ ಅಳಲು ಶುರುಮಾಡಿದಳು. ಅಳು ನಿಲ್ಲಲಿಲ್ಲ. ತುಟಿ, ಉಗುರು, ಆಮೇಲೆ ಇಡೀ ಮುಖ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು. ಸಿಂಧೂರ ಗಂಡನನ್ನು ಕೂಗಿದಳು. ಇಂದಿರಮ್ಮ ಅಡುಗೆಮನೆಯಿಂದ ಓಡಿಬಂದವರು ಮಗುವನ್ನು ಕಸಿದುಕೊಂಡು, ಅದರ ಮಂಡಿಗಳನ್ನು ಮಡಿಸಿ ಎದೆಗೆ ಒತ್ತಿ ಹಿಡಿದು, “ಸುಮ್ನಿರು ಕಂದ, ಸುಮ್ನಿರು,” ಎನ್ನುತ್ತ ಕೂತುಬಿಟ್ಟರು. ನಿಧಾನವಾಗಿ ಬಣ್ಣ ಇಳಿಯಿತು.

ನರಹರಿ ಆ್ಯಂಬುಲೆನ್ಸ್‌ಗೆ ಫೋನ್ ಮಾಡುತ್ತಿದ್ದ. ಸಿಂಧೂರ ಅತ್ತೆಯ ಕೈಗಳನ್ನೇ ನೋಡುತ್ತಿದ್ದಳು.

“ಅತ್ತೆ, ಹೀಗೆ ಹಿಡೀಬೇಕು ಅಂತ ನಿಮಗೆ ಹೇಗೆ ಗೊತ್ತಿತ್ತು?”

ಅವರು ಮಗುವಿನ ಕಾಲಿನ ಮೇಲೆ ಶಾಲು ಎಳೆದರು. ಅವಳು ಮತ್ತೆ ಕೇಳಿದಳು.

“ನನ್ನ ಮೊದಲನೇ ಮಗಳು ಸರಳಾ,” ಎಂದರು ಕೊನೆಗೆ. “ಹತ್ತು ಹೆಜ್ಜೆ ನಡೆದ್ರೆ ಕುಕ್ಕರುಗಾಲಲ್ಲಿ ಕೂತ್ಬಿಡೋಳು. ಹಾಗೆ ಕೂತ್ರೆ ಉಸಿರು ಬರೋದು. ನಾಲ್ಕು ವರ್ಷ ಇದ್ಲು.”

“ಆಗ ಯಾವ ಗ್ರಹಣ ಇತ್ತು?”

“ನನಗೂ ನಮ್ಮತ್ತೆ ಹಾಗೇ ಅಂದಿದ್ರು ಕಣೇ. ಬಸುರಿಲಿ ಕುಂಬಳಕಾಯಿ ಹೆಚ್ಚಿದ್ದಕ್ಕೇ ಹೀಗಾಯ್ತು ಅಂತ.”

“ಅಷ್ಟು ಅನ್ನಿಸ್ಕೊಂಡೋರು ನನಗೆ ಯಾಕಂದ್ರಿ?”

“ಈ ಕಾಯಿಲೆ ನಮ್ಮನೇಲೇ ಇದೆ ಅಂತ ಆದ್ರೆ ನಾಳೆ ನನ್ನ ಚಿಕ್ಕ ಮಗಳ ಮದುವೆ ಆಗುತ್ತಾ? ಫೆಬ್ರವರಿಗೆ ನಿಶ್ಚಯ ಆಗಿರೋ ಹುಡುಗಿ.”

ಸಿಂಧೂರ ಫೋನ್ ಇಟ್ಟು ಬಂದ ಗಂಡನ ಕಡೆ ತಿರುಗಿದಳು. “ನಿಮಗೆ ಗೊತ್ತಿತ್ತಾ?”

“ನಾನು ಹುಟ್ಟೋಕೆ ಮುಂಚೆ ಅದು...” ಎಂದ ನರಹರಿ. “ಅಮ್ಮ ಹೇಳ್ಬೇಡ ಅಂದಿದ್ರು.”

ಎರಡು ದಿನದ ನಂತರ ನೈಮೆಗನ್‌ನಲ್ಲಿ ಆಪರೇಷನ್ ಆಯಿತು. ಶ್ವಾಸಕೋಶಕ್ಕೆ ಹೆಚ್ಚು ರಕ್ತ ಹೋಗುವಂತೆ ಸಣ್ಣ ಕೊಳವೆಯೊಂದನ್ನು ಜೋಡಿಸಿದರು. ಪೂರ್ತಿ ರಿಪೇರಿ ಮುಂದಿನ ವರ್ಷ. ಗಾಜಿನಾಚೆ ಮಲಗಿದ್ದ ಮಗುವಿನ ಉಗುರುಗಳು ಮೊದಲ ಸಲ ಗುಲಾಬಿಯಾಗಿದ್ದವು. ಸಿಂಧೂರ ತಾನೇ ಹೋಗಿ ಡಾಕ್ಟರಿಗೆ ಸರಳಾಳ ವಿಷಯ ಹೇಳಿದಳು. ಅವರು ಬರೆದುಕೊಂಡು, ಮನೆತನದಲ್ಲಿ ಬಂದಿರಬಹುದು, ಖಚಿತವಾಗಿ ಹೇಳಲಾಗದು, ಮಕ್ಕಳಾಗಲಿರುವ ಹತ್ತಿರದವರಿಗೆ ತಿಳಿಸಿದರೆ ಒಳ್ಳೆಯದು ಎಂದರು.

ಆಸ್ಪತ್ರೆಯ ಫೋನಿನಿಂದಲೇ ಅವಳು ಮೈಸೂರಿಗೆ, ನಾದಿನಿಗೆ ಫೋನ್ ಮಾಡಿದಳು. ನಿನಗೊಬ್ಬಳು ಅಕ್ಕ ಇದ್ದಳು ಎಂಬಲ್ಲಿಂದ ಶುರುಮಾಡಿ ಎಲ್ಲವನ್ನೂ ಹೇಳಿದಳು.

ನಾದಿನಿ ಪೂರ್ತಿ ಕೇಳಿಸಿಕೊಂಡಳು. “ನನ್ಗೆ ಗೊತ್ತು ಅತ್ತಿಗೆ,” ಎಂದಳು. “ಆದ್ರೆ ಇದನ್ನ ಫೋನಲ್ಲೆಲ್ಲ ಮಾತಾಡ್ಬೇಡಿ. ಫೆಬ್ರವರಿವರೆಗೆ ಸುಮ್ನಿದ್ಬಿಡಿ, ಪ್ಲೀಸ್.”

ಫೆಬ್ರವರಿಯಲ್ಲಿ ತಾಯಿ, ಮಗ ಇಬ್ಬರೇ ಮದುವೆಗೆ ಹೊರಟರು. ಸಿಂಧೂರ ಹೋಗಲಿಲ್ಲ. ಸೊಸೆ ಎಲ್ಲಿ ಎಂದು ಕೇಳಿದ ಗಂಡಿನ ಕಡೆಯವರಿಗೆಲ್ಲ ಇಂದಿರಮ್ಮ, “ಮಗೂಗೆ ಸ್ವಲ್ಪ ಶೀತ, ವಿಮಾನ ಬೇಡ ಅಂದ್ವಿ,” ಎಂದರಂತೆ.