ತಳ ತಟ್ಟಿದ ಸದ್ದು

ಬಿಸಿ ಬ್ರೆಡ್ಡನ್ನು ಬಟ್ಟೆಯಲ್ಲಿ ಹಿಡಿದು ಬೋರಲು ಹಾಕಿ, ಬೆರಳ ಗೆಣ್ಣಿನಿಂದ ಅದರ ತಳವನ್ನು ಮೂರು ಸಲ ತಟ್ಟಿದ ಮೇಸ್ತ್ರಿ, ಹಿಟ್ಟಿನ ಡಬ್ಬಕ್ಕೆ ಒರಗಿಸಿಟ್ಟಿದ್ದ ಫೋನನ್ನು ನೋಡಿದ. ಸಮಾಧಾನವಾಯಿತು. ಒಲೆಯೊಳಗಿದ್ದ ಉಳಿದ ತಟ್ಟೆಗಳನ್ನೂ ಹೊರಗೆಳೆಯತೊಡಗಿದ. ಪ್ಯಾಕಿಂಗ್ ಅಕ್ಕ ತೋಳು ಮುಟ್ಟಿ ಬಾಗಿಲ ಕಡೆ ಕಣ್ಣು ತೋರಿಸಿದಾಗಲೇ ಅವನಿಗೆ ಗೊತ್ತಾದದ್ದು, ಬೇಕರಿಯ ಯಜಮಾನಿ ಅಲ್ಲಿ ಬಂದು ನಿಂತಿದ್ದಾಳೆ ಎಂದು.

"ಮೂರು ಸಲ ಕರ್ದೆ ಮೇಸ್ತ್ರಿ. ಹೀಗೆ ಫೋನಲ್ಲೇ ಮುಳುಗಿಬಿಟ್ರೆ ಒಲೆ ನೋಡೋರ್ಯಾರು?"

"ಇಲ್ಲಮ್ಮ, ಟೈಮ್ ನೋಡ್ತಿದ್ದೆ."

"ಗೋಡೆ ಮೇಲಿರೋ ಗಡಿಯಾರ ಏನು ಮುನಿಸ್ಕೊಂಡಿದ್ಯಾ?"

ಅವಳ ತುಟಿಗಳನ್ನೇ ನೋಡುತ್ತಿದ್ದ ಮೇಸ್ತ್ರಿ ಸರಿಯಾದ ಜಾಗದಲ್ಲಿ ನಕ್ಕ. ಅದೊಂದು ವಿದ್ಯೆ ಅವನಿಗೆ ಚೆನ್ನಾಗಿ ಕೈಹಿಡಿದಿತ್ತು.

ಫೋನು ಬಂದು ಮೂರು ವಾರವಾಗಿತ್ತು. ದೂರದಲ್ಲಿರುವ ಮಗಳು, ಮುಖ ನೋಡಿಕೊಂಡು ಮಾತಾಡೋಣ ಎಂದು ಕೊಡಿಸಿದ್ದು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ ಎಂದು ಪ್ಯಾಕಿಂಗ್ ಅಕ್ಕ ಮೊದಲ ವಾರ ಆಡಿಕೊಂಡಳು. ಎರಡನೆಯ ವಾರವೂ ಗೋಣಿ ಕೆಳಗಿಳಿಯದಿದ್ದಾಗ ಆಡಿಕೊಳ್ಳುವುದನ್ನು ಬಿಟ್ಟು ಮುಖ ಸಿಂಡರಿಸಿದಳು. ಐವತ್ತೆಂಟರ ಗಂಡಸು, ಮೂವತ್ತೊಂದು ವರ್ಷದಿಂದ ಇದೇ ಒಲೆಯ ಮುಂದೆ ನಿಂತವನು, ಈಗ ಮದುವೆ ಗೊತ್ತಾದ ಹುಡುಗನ ಹಾಗೆ ಫೋನು ಬಿಟ್ಟಿರಲಾರ.

ವಿಷಯ ಬೇರೆಯೇ ಇತ್ತು. ಮೇಸ್ತ್ರಿಗೆ ಕಿವಿ ಕೇಳಿಸುತ್ತಿರಲಿಲ್ಲ. ಎರಡು ವರ್ಷದಲ್ಲಿ ಸ್ವಲ್ಪ ಸ್ವಲ್ಪವಾಗಿ ಹೋಗಿ, ಈಗ ಹೋಗಲು ಹೆಚ್ಚೇನೂ ಉಳಿದಿರಲಿಲ್ಲ. ಮಾತನ್ನು ತುಟಿಯಿಂದ ಹಿಡಿಯುತ್ತಿದ್ದ, ಹಿಡಿಯಲಾಗದ್ದಕ್ಕೆ ತಲೆಯಾಡಿಸುತ್ತಿದ್ದ. ಆದರೆ ಬ್ರೆಡ್ಡಿಗೆ ತುಟಿಯಿಲ್ಲ. ಬೆಂದ ಬ್ರೆಡ್ಡಿನ ತಳ ತಟ್ಟಿದರೆ ಖಾಲಿ ಡಬ್ಬದ ಸದ್ದು, ಬೇಯದಿದ್ದರೆ ಹಸಿ ಮಣ್ಣಿನ ಸದ್ದು. ಬಣ್ಣ ಸುಳ್ಳು ಹೇಳೀತು, ಗಡಿಯಾರ ಸುಳ್ಳು ಹೇಳೀತು, ತಳ ಹೇಳುವುದಿಲ್ಲ ಎಂದು ಅವನಿಗೆ ಕಲಿಸಿದ್ದು ಈ ಯಜಮಾನಿಯ ಅಪ್ಪ. ಆ ದೊಡ್ಡ ಯಜಮಾನರೇ, ಹಿಂದಿದ್ದ ಮೇಸ್ತ್ರಿಗೆ ಕಣ್ಣು ಮಂಜಾದಾಗ, ಪಾಪ ಕೂತುಕೊಂಡು ಮಾಡಲಿ ಎಂದು ಪ್ಯಾಕಿಂಗ್ ಮೇಜಿಗೆ ಕಳಿಸಿದ್ದರು. ಆ ಮನುಷ್ಯ ಗೋಡೆಗೆ ಮುಖ ಮಾಡಿ ಕೂತು ಕಾಗದ ಮಡಚುತ್ತಿದ್ದ. ಒಂದು ವರ್ಷವೂ ಬಾಳಲಿಲ್ಲ.

ಮಗಳಿಗೆ ಧ್ವನಿ ಕಳಿಸುವುದನ್ನು ಕಲಿಯಲು ಹೋಗಿ ಒಂದು ಬೆಳಿಗ್ಗೆ ಮೇಸ್ತ್ರಿ ರೆಕಾರ್ಡರ್ ಒತ್ತಿದ್ದ. ಅಷ್ಟರಲ್ಲಿ ಒಲೆ ಕರೆಯಿತು, ಫೋನನ್ನು ಅಲ್ಲೇ ಇಟ್ಟು ಬ್ರೆಡ್ಡು ತಟ್ಟಿದ. ಪರದೆಯ ಮೇಲಿನ ಸದ್ದಿನ ಗೆರೆ ಮೂರು ಸಲ ಎದ್ದು ಕುಣಿಯಿತು. ಇನ್ನೂ ಬೇಯದ ಒಂದನ್ನು ತಟ್ಟಿದ, ಗೆರೆ ಗಿಡ್ಡಗೆ ಎದ್ದು ಕೂತುಬಿಟ್ಟಿತು. ಆವತ್ತು ಅವನಿಗೆ ಅಳು ಬಂದಿತ್ತು. ಹಿಟ್ಟು ಕಣ್ಣಿಗೆ ಬಿತ್ತೆಂದು ಮುಖ ತೊಳೆದುಕೊಂಡ. ಅಂದಿನಿಂದ ಕಿವಿಯ ಕೆಲಸ ಕಣ್ಣಿಗೆ ಬಂತು.

ಯಜಮಾನಿ ಮಾತ್ರ, ಮೂರು ಸಲ ಕರೆದೂ ಅವನು ತಿರುಗದ ಆ ಬೆಳಿಗ್ಗೆಯೇ, ಖಾಲಿ ಬಿಸ್ಕತ್ತಿನ ಡಬ್ಬವೊಂದನ್ನು ತಂದು ಕೌಂಟರಿನ ಮೇಲಿಟ್ಟಳು. ಮೊದಲು ತನ್ನ ಫೋನನ್ನೇ ಅದರೊಳಗೆ ಹಾಕಿದಳು.

"ಕೆಲಸದ ಹೊತ್ತಲ್ಲಿ ಎಲ್ಲರದ್ದೂ ಇಲ್ಲೇ. ನಿಮ್ದೂ ಕೊಡಿ ಮೇಸ್ತ್ರಿ. ಹಾಸ್ಟೆಲಿಗೆ ಇವತ್ತು ನೂರಿಪ್ಪತ್ತು ಬ್ರೆಡ್ ಹೋಗ್ಬೇಕು."

ಇದು ಮಾತ್ರ ಬೇಡ ಎನ್ನಲು ಬಾಯಿ ತೆರೆದ. ಯಾಕೆ ಎಂದು ಕೇಳಿದರೆ ಏನು ಹೇಳುವುದು? ಕೊಟ್ಟುಬಿಟ್ಟ.

ಹಾಸ್ಟೆಲಿನ ಮೊದಲ ಪಾಳಿ ಒಲೆಗೆ ಹೋಯಿತು. ಹೊತ್ತಾದಾಗ ಒಂದನ್ನು ತೆಗೆದು ತಟ್ಟಿದ. ಮತ್ತೆ ತಟ್ಟಿದ. ಮೈಯೆಲ್ಲ ಕಿವಿಯಾಗಿ ನಿಂತರೂ ಏನೂ ಬರಲಿಲ್ಲ. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಬ್ರೆಡ್ಡನ್ನು ಕೆನ್ನೆಗೆ ಒತ್ತಿಕೊಂಡು ತಟ್ಟಿದ. ಕೆನ್ನೆ ಸುಟ್ಟಿತು, ಅಷ್ಟೆ. ಬಣ್ಣ ಚೆನ್ನಾಗಿಯೇ ಇತ್ತು. ದೇವರ ಮೇಲೆ ಭಾರ ಹಾಕಿ ಎಲ್ಲವನ್ನೂ ಹೊರತೆಗೆದ.

ಅರ್ಧ ಗಂಟೆ ಆರಲು ಬಿಟ್ಟು ಯಜಮಾನಿ ಒಂದನ್ನು ಕೊಯ್ದಳು. ಚಾಕುವಿಗೆ ಹಸಿ ಹಿಟ್ಟು ಅಂಟಿಕೊಂಡು ಬಂತು. ಇನ್ನೊಂದನ್ನು ಕೊಯ್ದಳು, ಅದೂ ಹಾಗೆಯೇ. ಚಾಕುವನ್ನು ಅವನ ಮುಂದೆ ಹಿಡಿದಳು.

"ನಲವತ್ತು ಬ್ರೆಡ್ ಮೇಸ್ತ್ರಿ! ಫೋನ್ ಇಸ್ಕೊಂಡಿದ್ದಕ್ಕೆ ಬೇಕಂತ್ಲೇ ಹೀಗೆ ಮಾಡಿದ್ರಾ?"

ಮೇಸ್ತ್ರಿ ಅವಳ ಬಾಯನ್ನೂ ನೋಡಿದ, ಚಾಕುವನ್ನೂ ನೋಡಿದ. ಇವಳು ಮೇಜಿನೆತ್ತರಕ್ಕಿದ್ದಾಗ ಬಿಸಿ ಬ್ರೆಡ್ಡಿನ ಅಂಚು ಮುರಿದು ಕೈಗಿಟ್ಟವನು ಅವನು. ಹಟಮಾರಿ ಅನ್ನಿಸಿಕೊಂಡರೆ ಬೈಗುಳಕ್ಕೆ ಮುಗಿಯುತ್ತದೆ, ಕಿವುಡ ಅನ್ನಿಸಿಕೊಂಡರೆ ಗೋಡೆಯ ಕಡೆಯ ಮೇಜು.

"ಹೌದು," ಎಂದ. "ಕೋಪ ಬಂತು. ಅದಕ್ಕೇ ಹಾಗ್ಮಾಡ್ದೆ."

ಅವಳ ಮುಖ ಕಪ್ಪಿಟ್ಟಿತು. ಮೇಸ್ತ್ರಿ ಬೆನ್ನು ತಿರುಗಿಸಿ ಮುಂದಿನ ಪಾಳಿಯನ್ನು ಒಲೆಯೊಳಗೆ ತಳ್ಳಿ, ಅಲ್ಲೇ ಕಾದು ನಿಂತ.

ಅವನು ತಾನಾಗಿ ತಿರುಗಿದಾಗ ಕೋಣೆಯಲ್ಲಿ ಯಾರೂ ಕೆಲಸ ಮಾಡುತ್ತಿರಲಿಲ್ಲ. ಕೌಂಟರಿನ ಡಬ್ಬದ ಮುಚ್ಚಳ ತೆರೆದಿತ್ತು. ಯಜಮಾನಿಯ ಕೈಯಲ್ಲಿ ಅವನ ಫೋನು ಅದುರುತ್ತಿತ್ತು, ಪರದೆಯ ಮೇಲೆ ಮಗಳ ಫೋಟೋ. ಎಷ್ಟು ಹೊತ್ತಿನಿಂದ ಬಡಿದುಕೊಳ್ಳುತ್ತಿತ್ತೋ. ಪ್ಯಾಕಿಂಗ್ ಅಕ್ಕ ಅದರ ಸದ್ದಿಗೆ ಎರಡೂ ಕಿವಿ ಮುಚ್ಚಿಕೊಂಡು ಅವನನ್ನೇ ನೋಡುತ್ತಿದ್ದಳು. ಮಗಳ ಫೋಟೋ ಆರಿತು. ಅದರ ಹಿಂದೆ ಬೆಳಿಗ್ಗೆ ಅವನು ಮುಚ್ಚದೆ ಬಿಟ್ಟಿದ್ದ ರೆಕಾರ್ಡರ್ ಕಾಣಿಸಿತು. ಅಳಿಸುವುದು ಗೊತ್ತಿಲ್ಲದೆ ಅವನು ಗುಡ್ಡೆ ಹಾಕಿದ್ದ ರೆಕಾರ್ಡುಗಳ ಉದ್ದದ ಸಾಲು. ಯಜಮಾನಿಯ ಬೆರಳು ಒಂದನ್ನು ಒತ್ತಿತು.

ಗೆರೆ ಮೂರು ಸಲ ಎದ್ದು ಮಲಗಿತು. ಅವಳು ಇನ್ನೊಂದು ಒತ್ತಿದಳು. ಮತ್ತೆ ಮೂರು ಸಲ. ಇನ್ನೊಂದು. ಮೇಸ್ತ್ರಿಗೆ ಏನೂ ಕೇಳಿಸದಿದ್ದರೂ ಏನು ಕೇಳಿಸುತ್ತಿದೆ ಎಂದು ಗೊತ್ತಿತ್ತು. ಆ ಸದ್ದು ಅವಳಿಗೂ ಗೊತ್ತು, ಅದನ್ನು ಕೇಳುತ್ತಲೇ ಬೆಳೆದವಳು. ಅವಳು ತಲೆಯೆತ್ತಿ ಏನೋ ಅಂದಳು. ತುಟಿ ನಡುಗುತ್ತಿದ್ದುದರಿಂದ ಅವನಿಗೆ ಹಿಡಿಯಲಾಗಲಿಲ್ಲ. ಈ ಸಲ ತಲೆಯಾಡಿಸಲೂ ಇಲ್ಲ, ನಗಲೂ ಇಲ್ಲ. ಕೈಯಲ್ಲಿದ್ದ ಬಟ್ಟೆಯನ್ನು ಬಿಚ್ಚಿ ಮತ್ತೆ ಮಡಚಿದ.

ಯಜಮಾನಿ ಫೋನನ್ನು ತಂದು ಹಿಟ್ಟಿನ ಡಬ್ಬಕ್ಕೆ ಒರಗಿಸಿದಳು. ಅವನ ಕೈಯಿಂದ ಬಟ್ಟೆ ತೆಗೆದುಕೊಂಡು, ಒಲೆಯ ಬಾಗಿಲು ತೆರೆದು, ಒಂದು ಬ್ರೆಡ್ಡು ಎಳೆದು ಬೋರಲು ಹಾಕಿದಳು. ರೆಕಾರ್ಡರ್ ಒತ್ತಿ ಮೂರು ಸಲ ತಟ್ಟಿದಳು. ಇಬ್ಬರೂ ಬಗ್ಗಿ ನೋಡಿದರು. ಗೆರೆ ಗಿಡ್ಡಗೆ ಎದ್ದು ಕೂತಿತು. ಅವಳು ಅವನ ಮುಖ ನೋಡಿದಳು.

"ಇನ್ನೂ ಐದು ನಿಮಿಷ," ಎಂದ ಮೇಸ್ತ್ರಿ.

ಅವಳು ಬ್ರೆಡ್ಡನ್ನು ಒಳಗಿಟ್ಟು ಬಾಗಿಲು ಮುಚ್ಚಿ, ಅವನ ಪಕ್ಕದಲ್ಲಿ ನಿಂತಳು.